ಗುಟ್ಟಾಗಿ ಬರುವ ಕ್ಲಮೈಡಿಯಾ, ಗುಟ್ಟು ಬಿಟ್ಟುಕೊಡುವ ಮೂತ್ರ!

ಒಂದು ಸಂಖ್ಯೆ ಊಹಿಸಿ ನೋಡೋಣ. ಕ್ಲಮೈಡಿಯಾ ಅಂತ ಒಂದು ಲೈಂಗಿಕ ಸೋಂಕು ಇದೆ. ಇಡೀ ಜಗತ್ತಿನಲ್ಲಿ, 15ರಿಂದ 49 ವರ್ಷದವರಲ್ಲಿ, ಒಂದೇ ವರ್ಷಕ್ಕೆ ಅದು ಹೊಸದಾಗಿ ಎಷ್ಟು ಸಲ ತಗಲುತ್ತದೆ?

ಹತ್ತು ಲಕ್ಷ? ಇನ್ನೂ ಮೇಲೆ ಬನ್ನಿ. ಒಂದು ಕೋಟಿ? ಊಹೂಂ. ಐದು ಕೋಟಿ? ಇನ್ನೂ ಮೇಲೆ!

12 ಕೋಟಿ 85 ಲಕ್ಷ! 2020ನೇ ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕಟ್ಟಿದ ಅಂದಾಜು ಇದು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅದರ ಎರಡು ಪಟ್ಟಿಗೂ ಹೆಚ್ಚು!

ಈಗ ಇನ್ನೊಂದು ಪ್ರಶ್ನೆ. ಇಷ್ಟು ಹಬ್ಬಿರುವ ರೋಗದ ಹೆಸರನ್ನು ನಿಮ್ಮ ಪರಿಚಯದವರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಶುಗರ್, ಬಿ.ಪಿ., ಡೆಂಗಿ ಎಲ್ಲರ ಬಾಯಲ್ಲೂ ಇವೆ. ಕ್ಲಮೈಡಿಯಾ ಅಂದರೆ ಹೂವಿನ ಗಿಡವೇ ಎಂದು ಕೇಳಿದರೂ ಆಶ್ಚರ್ಯವಿಲ್ಲ!

ಯಾಕೆ ಹೀಗೆ? ನಾಚಿಕೆ ಒಂದು ಕಾರಣ, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಈ ರೋಗ ತಾನು ಬಂದಿದ್ದೇನೆ ಎಂದು ಹೇಳುವುದೇ ಇಲ್ಲ!

ಸೋಂಕು ತಗುಲಿದ ಹೆಂಗಸರಲ್ಲಿ ನೂರಕ್ಕೆ ಕನಿಷ್ಠ 70 ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಮಂದಿಗೆ ಗೊತ್ತಾಗುವುದಿಲ್ಲ. ಉರಿ ಇಲ್ಲ. ನೋವಿಲ್ಲ. ಜ್ವರವಿಲ್ಲ. ಊಟ, ನಿದ್ದೆ, ಕೆಲಸ ಎಲ್ಲ ಎಂದಿನಂತೆ. ತಿಂಗಳುಗಟ್ಟಲೆ!

ಉಳಿದವರಿಗೆ ಒಂದಿಷ್ಟು ಸುಳಿವು ಸಿಗುತ್ತದೆ. ಉರಿಮೂತ್ರ, ಬಿಳಿ ಹೋಗುವುದು ಜಾಸ್ತಿಯಾಗುವುದು, ಎರಡು ಮುಟ್ಟಿನ ನಡುವೆ ರಕ್ತ ಕಾಣುವುದು, ಕೆಳಹೊಟ್ಟೆ ನೋವು. ಗಂಡಸರಿಗೆ ಜನನಾಂಗದ ತುದಿಯಲ್ಲಿ ಒಸರು, ವೃಷಣದಲ್ಲಿ ನೋವು. "ಉಷ್ಣ ಆಗಿರಬೇಕು" ಎಂದು ಎಳನೀರು ಕುಡಿದು ಸುಮ್ಮನಾಗುವಷ್ಟು ಸಣ್ಣ ಸುಳಿವು!

ಹಾಗಾದರೆ ಇದು ಅಡಗುವುದು ಎಲ್ಲಿ? ಇಲ್ಲಿಂದ ಶುರು, ನಿಜವಾದ ಅಚ್ಚರಿ!

ಕ್ಲಮೈಡಿಯಾ ಟ್ರಕೊಮ್ಯಾಟಿಸ್ ಒಂದು ಬ್ಯಾಕ್ಟೀರಿಯಾ. ಆದರೆ ಎಂಥ ಬ್ಯಾಕ್ಟೀರಿಯಾ ಅಂತೀರಿ! ನಮ್ಮ ಜೀವಕೋಶದ ಹೊರಗೆ ಅದು ಬೆಳೆಯುವುದೇ ಇಲ್ಲ. ಒಳಗೆ ನುಗ್ಗಿದರೆ ಮಾತ್ರ ಸಂತಾನ. ಅದಕ್ಕೇ ದಶಕಗಳ ಕಾಲ ವಿಜ್ಞಾನಿಗಳು ಇದನ್ನು ವೈರಸ್ ಎಂದೇ ನಂಬಿದ್ದರು!

ಇದಕ್ಕೆ ಎರಡು ವೇಷ. ಮೊದಲನೆಯದು ಹೊರಗೆ ಓಡಾಡುವ ವೇಷ. ಗಾತ್ರ ಸುಮಾರು 0.3 ಮೈಕ್ರಾನ್. ಸಾಲಾಗಿ ನಿಲ್ಲಿಸಿದರೆ ಒಂದೇ ಮಿಲಿಮೀಟರಿನಲ್ಲಿ 3,000ಕ್ಕೂ ಹೆಚ್ಚು ಹಿಡಿಯುತ್ತವೆ! ಕಣಜದಲ್ಲಿಟ್ಟ ರಾಗಿ ಬೀಜದಂತೆ ಗಟ್ಟಿ, ಒಣ, ತಟಸ್ಥ. ಈ ವೇಷದಲ್ಲಿ ಅದು ಅಂಟಬಲ್ಲದು, ಹೆಚ್ಚಲಾರದು.

ಕೋಶದ ಒಳಗೆ ಹೋದದ್ದೇ ತಡ, ವೇಷ ಬದಲು! ಮೂರು ಪಟ್ಟು ಹಿಗ್ಗುತ್ತದೆ, ಮೆತ್ತಗಾಗುತ್ತದೆ, ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಈಗ ಹೆಚ್ಚಬಲ್ಲದು, ಅಂಟಲಾರದು. ಎರಡು ಕೆಲಸಕ್ಕೆ ಎರಡು ದೇಹ!

ಒಳಗೆ ಒಂದು ಪೊರೆಯ ಚೀಲ ಕಟ್ಟಿಕೊಂಡು ಕೂರುತ್ತದೆ. ಕೋಶ ತನಗಾಗಿ ತಯಾರಿಸಿಕೊಂಡ ಶಕ್ತಿಯ ಕಣಗಳನ್ನೇ ಎತ್ತಿಕೊಳ್ಳುತ್ತದೆ. ಸೋಂಕು ತಗುಲಿದ ಕೋಶ ತನ್ನನ್ನು ತಾನೇ ಕೊಂದುಕೊಂಡು ದೇಹವನ್ನು ಕಾಪಾಡುವ ಪದ್ಧತಿ ಉಂಟಲ್ಲ? ಅದಕ್ಕೂ ಈ ಪುಣ್ಯಾತ್ಮ ತಡೆಯೊಡ್ಡುತ್ತದೆ! ತನ್ನ ಕೆಲಸ ಮುಗಿಯುವ ತನಕ ಕೋಶ ಸಾಯಬಾರದು, ಅಷ್ಟೆ.

ಎಷ್ಟು ಹೊತ್ತಿನ ಕೆಲಸ? 48ರಿಂದ 72 ಗಂಟೆ. ಅಷ್ಟರಲ್ಲಿ ಚೀಲದ ತುಂಬ ನೂರಾರು ಮರಿಗಳು. ಮತ್ತೆ ಗಟ್ಟಿ ವೇಷ. ಕೋಶ ಒಡೆಯುತ್ತದೆ, ಮರಿಗಳು ಪಕ್ಕದ ಕೋಶಗಳಿಗೆ ನುಗ್ಗುತ್ತವೆ. ಇಷ್ಟೆಲ್ಲ ನಡೆದರೂ ಮನೆಯ ಯಜಮಾನರಿಗೆ, ಅಂದರೆ ನಮಗೆ, ಸುದ್ದಿಯೇ ಇಲ್ಲ!

ಇದನ್ನೆಲ್ಲ ಮಾಡಲು ಅದಕ್ಕೆ ಎಷ್ಟು ವಂಶವಾಹಿ ಬೇಕು ಗೊತ್ತೆ? 1998ರಲ್ಲಿ ಇದರ ಪೂರ್ತಿ ಜೀನೋಮ್ ಓದಿದರು. ಪ್ರೋಟೀನು ತಯಾರಿಸುವ ಜೀನ್‌ಗಳು ಬರೀ 894!

ಸರಿ, ಇಂಥದ್ದನ್ನು ಹಿಡಿಯುವುದು ಹೇಗೆ? ಊಹಿಸಿ. ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರೆ?

ಅಲ್ಲವೇ ಅಲ್ಲ! ಮೂತ್ರ ಸಾಕು!

ಅದರಲ್ಲೂ ಒಂದು ತಮಾಷೆ ಇದೆ. ಮಾಮೂಲು ಮೂತ್ರ ಪರೀಕ್ಷೆಗೆ ಲ್ಯಾಬಿನವರು ಏನು ಹೇಳುತ್ತಾರೆ? "ಮೊದಲು ಸ್ವಲ್ಪ ಬಿಟ್ಟು, ನಡುವಿನದು ಹಿಡಿಯಿರಿ." ಕ್ಲಮೈಡಿಯಾಕ್ಕೆ ತದ್ವಿರುದ್ಧ! ಬೇಕಾದದ್ದು ಮೊಟ್ಟಮೊದಲ ಧಾರೆ. 20ರಿಂದ 30 ಮಿಲಿಲೀಟರ್, ಅಷ್ಟೆ. ಯಾಕೆ? ರೋಗಾಣು ಕೂತಿರುವುದು ಮೂತ್ರನಾಳದ ಗೋಡೆಯ ಕೋಶಗಳಲ್ಲಿ. ಮೊದಲ ಧಾರೆ ಆ ಕೋಶಗಳನ್ನು ತೊಳೆದುಕೊಂಡು ಬರುತ್ತದೆ. ನಡುವಿನ ಧಾರೆ ಹಿಡಿದಿರೋ, ಸಾಕ್ಷಿಯೆಲ್ಲ ಕಮೋಡಿನ ಪಾಲು!

ಹಾಗೆಯೇ, ಪರೀಕ್ಷೆಗೆ ಮುಂಚೆ ಕಡೇಪಕ್ಷ ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು. ಅಷ್ಟೇ ಪಥ್ಯ. ಉಪವಾಸ ಬೇಡ!

ಹೆಂಗಸರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಅವರಲ್ಲಿ ಮೂತ್ರ ಪರೀಕ್ಷೆ ನೂರರಲ್ಲಿ ಹತ್ತರವರೆಗೆ ಸೋಂಕುಗಳನ್ನು ಬಿಟ್ಟುಬಿಡಬಹುದು. ಯೋನಿಯೊಳಗಿನಿಂದ ತೆಗೆದ ಸ್ವಾಬ್ ಹೆಚ್ಚು ನಂಬಿಕೆಯದ್ದು. ಆ ಸ್ವಾಬನ್ನು ಯಾರು ತೆಗೆಯಬೇಕು? ಡಾಕ್ಟರೇ? ನರ್ಸೇ?

ನೀವೇ! ಹೌದು, ನೀವೇ ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು ತೆಗೆಯಬಹುದು. ಡಾಕ್ಟರು ತೆಗೆದ ಸ್ವಾಬಿನಷ್ಟೇ ಸರಿಯಾದ ಫಲಿತಾಂಶ ಕೊಡುತ್ತದೆ!

ಹೇಗಿರುತ್ತದೆ ಅದು? ಬೆರಳಿಗಿಂತ ಉದ್ದದ, ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿ. ತುದಿಯಲ್ಲಿ ಮೆತ್ತನೆಯ ನಾರು. ಸುಮಾರು ಎರಡು ಇಂಚು ಒಳಗೆ ಹಾಕಿ, 10ರಿಂದ 30 ಸೆಕೆಂಡು ಮೆಲ್ಲಗೆ ತಿರುಗಿಸಬೇಕು. ಹೊರತೆಗೆದು ದ್ರವವಿರುವ ಟ್ಯೂಬಿನಲ್ಲಿ ಇಳಿಸಬೇಕು. ಕಡ್ಡಿಯ ಮೇಲೆ ಒಂದು ಗೀರು ಇರುತ್ತದೆ. ಅಲ್ಲಿ ಒತ್ತಿದರೆ ಟಕ್ ಎಂದು ಮುರಿಯುತ್ತದೆ. ಮುಚ್ಚಳ ಬಿಗಿ ಮಾಡಿ. ಆಯಿತು! ಅರ್ಧ ನಿಮಿಷದ ಕೆಲಸ!

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಲ್ಯಾಬ್‌ಗಳ ಪಟ್ಟಿಯಲ್ಲಿ ಕ್ಲಮೈಡಿಯಾಕ್ಕೆ ರಕ್ತದ ಐಜಿಜಿ, ಐಜಿಎಂ ಪರೀಕ್ಷೆಯೂ ಕಾಣುತ್ತದೆ. ದೇಹ ಎಂದೋ ಒಮ್ಮೆ ಇದರ ಜೊತೆ ಹೋರಾಡಿತ್ತು ಎಂದಷ್ಟೇ ಅದು ಹೇಳಬಲ್ಲದು. ಈಗ ಸೋಂಕು ಇದೆಯೇ? ಅದಕ್ಕೆ ಉತ್ತರ ಅಲ್ಲಿಲ್ಲ. ಕೇಳಬೇಕಾದದ್ದು ಪಿಸಿಆರ್!

ಪಿಸಿಆರ್ ಅಂದರೆ ನಿಮಗೆ ಕೋವಿಡ್ ನೆನಪಾಯಿತು ತಾನೆ? ಅದೇ ವಿದ್ಯೆ! ರೋಗಾಣುವಿನ ಡಿಎನ್‌ಎಯ ಒಂದು ತುಣುಕು ಸಿಕ್ಕರೆ ಸಾಕು, ಯಂತ್ರ ಅದನ್ನು ಎರಡು ಮಾಡುತ್ತದೆ. ಎರಡನ್ನು ನಾಲ್ಕು. ನಾಲ್ಕನ್ನು ಎಂಟು. ಹೀಗೆ 30 ಸುತ್ತು ನಡೆಸಿದರೆ, ಒಂದೇ ತುಣುಕಿನಿಂದ ಎಷ್ಟು ಪ್ರತಿ? ಲೆಕ್ಕ ಹಾಕದೆ ಬಾಯಿಗೆ ಬಂದದ್ದು ಹೇಳಿ. ಸಾವಿರ? ಲಕ್ಷ?

107 ಕೋಟಿಗೂ ಹೆಚ್ಚು! ಇನ್ನು ಅಡಗುವುದೆಲ್ಲಿ?

ಈ ವಿದ್ಯೆ ಬರುವ ಮುಂಚೆ ಹೇಗೆ ಹಿಡಿಯುತ್ತಿದ್ದರು? ಇದನ್ನು ಮಾತ್ರ ನೀವು ಊಹಿಸಲಾರಿರಿ. ಕೋಳಿಮೊಟ್ಟೆಯಲ್ಲಿ!

ಬೀಜಿಂಗಿನ ವಿಜ್ಞಾನಿ ತಾಂಗ್ ಫೇಫಾನ್ ಬೆನ್ನು ಹತ್ತಿದ್ದು ಟ್ರಕೋಮಾ ಎಂಬ ಕಣ್ಣಿನ ರೋಗವನ್ನು. ಕೋಟ್ಯಂತರ ಜನರನ್ನು ಕುರುಡರನ್ನಾಗಿ ಮಾಡಿದ ಅದರ ಬೀಜ ಯಾರ ಕೈಗೂ ಸಿಕ್ಕಿರಲಿಲ್ಲ. ಭ್ರೂಣ ಬೆಳೆಯುತ್ತಿರುವ ಮೊಟ್ಟೆಯ ಹಳದಿ ಚೀಲಕ್ಕೆ ರೋಗಿಯ ಕಣ್ಣಿನಿಂದ ಕೆರೆದದ್ದನ್ನು ಚುಚ್ಚಿ, ಬೇರೆ ಬ್ಯಾಕ್ಟೀರಿಯಾಗಳು ಬೆಳೆಯದಂತೆ ಸ್ಟ್ರೆಪ್ಟೊಮೈಸಿನ್ ಹಾಕಿ, ಕೊನೆಗೂ ಬೆಳೆಸಿದರು. 1957ರಲ್ಲಿ ಜಗತ್ತಿಗೆ ಸಾರಿದರು.

ಇದೇ ಆ ರೋಗದ ಬೀಜ ಎಂದು ಸಾಬೀತು ಮಾಡಲು ಏನು ಮಾಡಿದರು ಗೊತ್ತೆ? 1958ರಲ್ಲಿ ತಮ್ಮ ಕಣ್ಣಿಗೇ ಹಾಕಿಕೊಂಡರು! ಕಣ್ಣು ಕೆಂಪಾಗಿ ಊದಿದರೂ ದಿನಗಟ್ಟಲೆ ಔಷಧಿ ಮುಟ್ಟಲಿಲ್ಲ. ಅದೇ ಕಣ್ಣಿನಿಂದ ಮತ್ತೆ ಅದೇ ರೋಗಾಣು ಸಿಕ್ಕಿತು! ಅದೇ ವರ್ಷ ರಾಜಕೀಯ ಕಿರುಕುಳಕ್ಕೆ ಸಿಕ್ಕಿ ಅವರು ಪ್ರಾಣ ಕಳೆದುಕೊಂಡರು.

ಕಣ್ಣಿನ ರೋಗಕ್ಕೂ ನಮ್ಮ ಕಥೆಗೂ ಏನು ಸಂಬಂಧ? 1959ರಲ್ಲಿ ಲಂಡನ್ನಿನ ಬ್ಯಾರಿ ಜೋನ್ಸ್ ಮತ್ತು ಸಂಗಡಿಗರು ಕಣ್ಣು ಕೀವಾಗಿದ್ದ ಎಳೆಮಗುವೊಂದರ ಬೆನ್ನು ಹಿಡಿದರು. ಮಗುವಿನ ತಾಯಿಯ ಗರ್ಭಕಂಠದಲ್ಲಿ ಸಿಕ್ಕಿದ್ದು ಏನು? ಅದೇ ಜಾತಿಯ ರೋಗಾಣು! ಕಣ್ಣು ಕುರುಡಾಗಿಸುವುದೂ ಅದೇ ಜಾತಿ, ಲೈಂಗಿಕವಾಗಿ ಹರಡುವುದೂ ಅದೇ ಜಾತಿ. ಒಳಜಾತಿ ಮಾತ್ರ ಬೇರೆ!

ಸಂತೋಷದ ಸುದ್ದಿಯೂ ಒಂದಿದೆ. ಟ್ರಕೋಮಾ ಈಗ ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಬ್ಬನನ್ನು ಮಣಿಸಿದೆವು. ಅವನ ತಮ್ಮ ಇನ್ನೂ ಓಡಾಡುತ್ತಿದ್ದಾನೆ!

ಈಗ ಈ ಕಥೆಯ ಅತಿ ರೋಚಕ ಭಾಗಕ್ಕೆ ಬನ್ನಿ. ಸ್ವೀಡನ್. ಹಾಲಾಂಡ್ ಎಂಬ ಕೌಂಟಿ. 2006.

ಅಲ್ಲಿ ಕ್ಲಮೈಡಿಯಾ ಪ್ರಕರಣಗಳು ಇದ್ದಕ್ಕಿದ್ದಂತೆ 25 ಪ್ರತಿಶತ ಇಳಿದವು. ಬೇರೆ ಯಾರಾದರೂ ಆಗಿದ್ದರೆ ಸಿಹಿ ಹಂಚುತ್ತಿದ್ದರು! ಆದರೆ ಲ್ಯಾಬಿನ ಟೊರ್ವಾಲ್ಡ್ ರಿಪಾ ಅವರಿಗೆ ಅನುಮಾನ. ಜನ ಬದಲಾಗಿಲ್ಲ, ಅಭ್ಯಾಸ ಬದಲಾಗಿಲ್ಲ, ರೋಗ ಮಾತ್ರ ಇಳಿಯಿತೇ?

ನೋಡಿದರೆ ಏನು? ರೋಗ ಇಳಿದಿರಲೇ ಇಲ್ಲ! ಪರೀಕ್ಷೆಗೆ ಅದು ಕಾಣುತ್ತಿರಲಿಲ್ಲ!

ಆಗಿದ್ದು ಇಷ್ಟು. ಈ ಬ್ಯಾಕ್ಟೀರಿಯಾದ ಒಳಗೆ ಮುಖ್ಯ ಡಿಎನ್‌ಎ ಅಲ್ಲದೆ ಒಂದು ಪುಟ್ಟ ಡಿಎನ್‌ಎ ಬಳೆ ಇರುತ್ತದೆ, ಸುಮಾರು 7,500 ಅಕ್ಷರಗಳದ್ದು. ಒಂದೊಂದು ಬ್ಯಾಕ್ಟೀರಿಯಾದಲ್ಲೂ ಅದರ ಹಲವು ಪ್ರತಿಗಳಿರುತ್ತವೆ. ಸುಲಭವಾಗಿ ಸಿಗುತ್ತದೆಂದು ಎರಡು ದೊಡ್ಡ ಕಂಪನಿಗಳ ಪರೀಕ್ಷೆಗಳು ಆ ಬಳೆಯ ಒಂದೇ ಜಾಗವನ್ನು ಹುಡುಕುತ್ತಿದ್ದವು. ಹೊಸ ತಳಿಯಲ್ಲಿ ಸರಿಯಾಗಿ ಆ ಜಾಗದಲ್ಲೇ 377 ಅಕ್ಷರಗಳು ಮಾಯ!

ಹುಡುಕುವ ಜಾಗವೇ ಇಲ್ಲದ ಮೇಲೆ ರಿಪೋರ್ಟಿನಲ್ಲಿ ಏನು ಬರುತ್ತದೆ? "ನೆಗೆಟಿವ್." ರೋಗಿ ನಿಶ್ಚಿಂತೆಯಿಂದ ಮನೆಗೆ. ರೋಗವೂ ನಿಶ್ಚಿಂತೆಯಿಂದ ಜೊತೆಗೆ!

ಆ ಎರಡು ಪರೀಕ್ಷೆಗಳನ್ನು ಬಳಸುತ್ತಿದ್ದ ಕೌಂಟಿಗಳಲ್ಲಿ ಆಮೇಲೆ ಹುಡುಕಿದಾಗ, ಒಟ್ಟು ಸೋಂಕಿನಲ್ಲಿ ಈ ತಳಿಯ ಪಾಲು 20ರಿಂದ 65 ಪ್ರತಿಶತ! ಕಂಪನಿಗಳು ಓಡೋಡಿ ಪರೀಕ್ಷೆ ಬದಲಿಸಿದವು. ಒಂದು ಜಾಗದ ಬದಲು ಎರಡು ಜಾಗ ಹುಡುಕುವ ಪರೀಕ್ಷೆಗಳು ಬಂದವು.

ಕಥೆ ಮುಗಿಯಿತೇ? ಎಲ್ಲಿ! 2019ರಲ್ಲಿ ಪಕ್ಕದ ಫಿನ್ಲೆಂಡಿನಲ್ಲಿ ಮತ್ತೆ ಅದೇ ಆಟ. ಈ ಸಲ ಇನ್ನೊಂದು ಪ್ರಸಿದ್ಧ ಪರೀಕ್ಷೆಗೆ ಕೈಕೊಟ್ಟಿತು. ಎಷ್ಟು ಅಕ್ಷರ ಬದಲಾಗಿದ್ದವು? 377? ನೂರು? ಹತ್ತು?

ಒಂದು! ಒಂದೇ ಒಂದು ಅಕ್ಷರ! ಆ ಪರೀಕ್ಷೆಯನ್ನೂ ತಿದ್ದಬೇಕಾಯಿತು.

ಹೆದರಬೇಡಿ. ಇಂಥ ತಳಿಗಳು ಸಿಕ್ಕಿಬಿದ್ದದ್ದೇ ಲ್ಯಾಬಿನವರು ಕಣ್ಣು ಮಿಟುಕಿಸದೆ ಕಾದಿದ್ದರಿಂದ. ಪರೀಕ್ಷೆಗಳೂ ಈಗ ಓಡುತ್ತಿವೆ. ಜೀನ್‌ಎಕ್ಸ್‌ಪರ್ಟ್ ಯಂತ್ರದ ಹೆಸರು ಕೇಳಿದ್ದೀರಾ? ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದಲ್ಲಿ ಟಿ.ಬಿ. ಹುಡುಕುವ ಯಂತ್ರ. ಅದಕ್ಕೆ ಕ್ಲಮೈಡಿಯಾ ಹುಡುಕುವ ಕಾರ್ಟ್ರಿಡ್ಜ್ ಕೂಡ ತಯಾರಾಗುತ್ತದೆ. ಸುಮಾರು 90 ನಿಮಿಷಕ್ಕೆ ಉತ್ತರ! ಅಮೆರಿಕದಲ್ಲಂತೂ 2025ರಲ್ಲಿ ಹೆಂಗಸರು ಡಾಕ್ಟರ ಚೀಟಿ ಇಲ್ಲದೆ ಕೊಂಡು, ಮನೆಯಲ್ಲೇ ಮಾಡಿಕೊಂಡು, ಅರ್ಧ ಗಂಟೆಯಲ್ಲಿ ಫಲಿತಾಂಶ ನೋಡುವ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು!

ಸರಿ, ರಿಪೋರ್ಟ್ ಪಾಸಿಟಿವ್ ಬಂತು ಅಂದುಕೊಳ್ಳಿ. ಎದೆ ಧಸಕ್ಕೆಂದಿತೇ? ಈಗ ಹೇಳಿ. ಇಷ್ಟು ಚಾಲಾಕಿ ರೋಗಾಣುವನ್ನು ಓಡಿಸಲು ಎಷ್ಟು ತಿಂಗಳು ಔಷಧಿ ಬೇಕು? ಎಷ್ಟು ಇಂಜೆಕ್ಷನ್?

ಇಂಜೆಕ್ಷನ್ ಸೊನ್ನೆ. ತಿಂಗಳು ಸೊನ್ನೆ. ಮಾತ್ರೆ 14!

ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು. ಏಳು ದಿನ. ಮುಗಿಯಿತು!

ಪೆನಿಸಿಲಿನ್ ಯಾಕಲ್ಲ ಎಂದು ಕೇಳುತ್ತೀರಾ? ಲ್ಯಾಬಿನಲ್ಲಿ ಪೆನಿಸಿಲಿನ್ ಹಾಕಿದರೆ ಇದು ಸಾಯುವುದಿಲ್ಲ! ಊದಿಕೊಳ್ಳುತ್ತದೆ, ಆಕಾರಗೆಡುತ್ತದೆ, ಹೆಚ್ಚುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತದೆ. ಔಷಧಿ ತೆಗೆದಿರೋ, ಎದ್ದು ಮತ್ತೆ ಕೆಲಸ ಶುರು! ಡಾಕ್ಸಿಸೈಕ್ಲಿನ್ ಹಾಗಲ್ಲ. ಅದು ನಮ್ಮ ಕೋಶದ ಒಳಗೇ ಹೋಗಿ, ಬ್ಯಾಕ್ಟೀರಿಯಾ ಪ್ರೋಟೀನು ತಯಾರಿಸುವ ಯಂತ್ರಕ್ಕೇ ಬೀಗ ಹಾಕುತ್ತದೆ.

ಈ ಮಾತ್ರೆಯ ವಂಶವೃಕ್ಷ ಹತ್ತಿ ನೋಡಿದರೆ ನಮ್ಮ ಪಕ್ಕದ ಮನೆಯವರು ಸಿಗುತ್ತಾರೆ! ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ಮನೆತನದ್ದು. ಮನೆತನದ ಹಿರಿಯ ಆರಿಯೊಮೈಸಿನ್, ಬೆಳಕಿಗೆ ಬಂದದ್ದು 1948ರಲ್ಲಿ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಹೊಲವೊಂದರ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ತೆಗೆದವರು 70 ದಾಟಿದ್ದ ಬೆಂಜಮಿನ್ ಡಗ್ಗರ್. ಡಗ್ಗರ್ ಕೆಲಸ ಮಾಡುತ್ತಿದ್ದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರು ಯಾರು?

ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್! ಔಷಧಿ ಹೊರಬಂದ ವರ್ಷವೇ ಅವರು ತೀರಿಕೊಂಡರು. ಅವರ ಉಸ್ತುವಾರಿಯಲ್ಲಿ ಹುಟ್ಟಿದ ಮನೆತನ ಇವತ್ತಿಗೂ ಜಗತ್ತಿನ ಔಷಧಿ ಅಂಗಡಿಗಳಲ್ಲಿ ಜೀವಂತ!

ಇನ್ನೂ ಅಚ್ಚರಿ ಬೇಕೆ? ಆ್ಯಂಟಿಬಯಾಟಿಕ್‌ಗೆ ಬಗ್ಗದ ರೋಗಾಣುಗಳ ಕಾಲ ಇದು. ಕ್ಲಮೈಡಿಯಾದ ಜೊತೆಗಾರ, ಇನ್ನೊಂದು ಲೈಂಗಿಕ ಸೋಂಕು ಗೊನೋರಿಯಾ ಒಂದೊಂದೇ ಔಷಧಿಯನ್ನು ಸೋಲಿಸುತ್ತ ಬಂದಿದೆ. ಕ್ಲಮೈಡಿಯಾ? ಇಷ್ಟು ದಶಕ ಕಳೆದರೂ ಮನುಷ್ಯರ ಕ್ಲಮೈಡಿಯಾದಲ್ಲಿ ಟೆಟ್ರಾಸೈಕ್ಲಿನ್‌ಗೆ ಬಗ್ಗದ ತಳಿ ನೆಲೆಯೂರಿಲ್ಲ! ಆದರೆ ಹಂದಿಗಳಿಗೆ ತಗಲುವ ಅದರ ದಾಯಾದಿಯಲ್ಲಿ ಆ ಶಕ್ತಿ ಆಗಲೇ ಬಂದಿದೆ. ಮಾತ್ರೆಯನ್ನು ಮನಸ್ಸಿಗೆ ಬಂದಂತೆ ನುಂಗಬಾರದು ಅನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕೆ?

ಒಂದೇ ಸಲಕ್ಕೆ ಮುಗಿಸುವ ಔಷಧಿಯೂ ಉಂಟು. ಅಜಿತ್ರೊಮೈಸಿನ್, ಒಂದು ಗ್ರಾಂ. ಒಮ್ಮೆ ನುಂಗಿದರೆ ದಿನಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಅದೇ ಸುಲಭವಲ್ಲವೇ? ಬಹಳ ಕಾಲ ವೈದ್ಯರೂ ಹಾಗೇ ಅಂದುಕೊಂಡಿದ್ದರು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ ನೋಡಿ. ಗಂಡಸರ ಗುದನಾಳದ ಕ್ಲಮೈಡಿಯಾಕ್ಕೆ ಎರಡನ್ನೂ ಹೋಲಿಸಿದರು. ಅಜಿತ್ರೊಮೈಸಿನ್‌ನಿಂದ ವಾಸಿಯಾದವರು 76.4 ಪ್ರತಿಶತ. ಡಾಕ್ಸಿಸೈಕ್ಲಿನ್‌ನಿಂದ? 96.9! ಏಳು ದಿನದ ತಾಳ್ಮೆ ಗೆದ್ದಿತು! ಅದೇ ವರ್ಷ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಕೂಡ ಡಾಕ್ಸಿಸೈಕ್ಲಿನ್ನನ್ನೇ ಮೊದಲ ಆಯ್ಕೆ ಮಾಡಿತು.

ಬಸುರಿಯರಿಗೆ ಮಾತ್ರ ಲೆಕ್ಕ ತಿರುವುಮುರುವು. ಅವರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಅಜಿತ್ರೊಮೈಸಿನ್ನೇ ಮೊದಲ ಆಯ್ಕೆ. ಅದಕ್ಕೇ ಬಸುರಿಯಾಗಿದ್ದರೆ, ಆಗಿರಬಹುದು ಎಂಬ ಅನುಮಾನವಿದ್ದರೂ, ಡಾಕ್ಟರಿಗೆ ಮೊದಲೇ ಹೇಳಲೇಬೇಕು!

ಡಾಕ್ಸಿಸೈಕ್ಲಿನ್ ನುಂಗುವುದಕ್ಕೂ ಒಂದು ಕ್ರಮವಿದೆ. ಲೋಟದ ತುಂಬ ನೀರು. ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣು! ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಅಸಿಡಿಟಿ ಔಷಧಿ ಜೊತೆಯಲ್ಲೇ ಬೇಡ, ಅವು ಇದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಕೊಡೆ ಹಿಡಿಯಿರಿ!

ನಾವೆಷ್ಟು ಅದೃಷ್ಟವಂತರು ಗೊತ್ತೆ? ಆಸ್ಟ್ರೇಲಿಯಾದ ಕೋಲಾಗಳನ್ನು ಕೇಳಿ! ಅವುಗಳಿಗೂ ಒಂದು ಬಗೆಯ ಕ್ಲಮೈಡಿಯಾ ಬರುತ್ತದೆ, ಕುರುಡಾಗುತ್ತವೆ, ಮರಿ ಹಾಕಲಾರದಾಗುತ್ತವೆ. ಆ್ಯಂಟಿಬಯಾಟಿಕ್ ಕೊಟ್ಟರೆ? ನೀಲಗಿರಿ ಎಲೆ ಜೀರ್ಣಿಸುವ ಹೊಟ್ಟೆಯ ಬ್ಯಾಕ್ಟೀರಿಯಾಗಳೂ ಸತ್ತು, ಕೋಲಾ ಉಪವಾಸ ಬಿದ್ದು ಸಾಯಬಹುದು! ಅದಕ್ಕೇ 2025ರಲ್ಲಿ ಅವುಗಳಿಗೊಂದು ಲಸಿಕೆಗೆ ಒಪ್ಪಿಗೆ ಸಿಕ್ಕಿತು. ಮನುಷ್ಯರಿಗೆ? ಇನ್ನೂ ಲಸಿಕೆ ಇಲ್ಲ!

14 ಮಾತ್ರೆ ನುಂಗಿದ ಮೇಲೆ ಎಲ್ಲ ಮುಗಿಯಿತೇ? ಇಲ್ಲೇ ಬಹಳ ಮಂದಿ ಎಡವುವುದು!

ಸಂಗಾತಿಗೂ ಚಿಕಿತ್ಸೆ ಆಗಲೇಬೇಕು. ಕಳೆದ 60 ದಿನಗಳಲ್ಲಿ ಯಾರ ಜೊತೆ ಸಂಬಂಧವಿತ್ತೋ ಅವರಿಗೂ ತಿಳಿಸಬೇಕು. ಇಬ್ಬರ ಔಷಧಿಯೂ ಮುಗಿಯುವ ತನಕ ಕೂಡುವಂತಿಲ್ಲ. ಒಂದೇ ಡೋಸ್ ತೆಗೆದುಕೊಂಡವರಾದರೆ ಆಮೇಲೆ ಏಳು ದಿನ ಕಾಯಬೇಕು. ಒಬ್ಬರೇ ನುಂಗಿದರೆ ಏನಾಗುತ್ತದೆ? ನೀವು ವಾಸಿಯಾಗುತ್ತೀರಿ. ಮುಂದಿನ ವಾರ ಅವರಿಂದಲೇ ಮತ್ತೆ ನಿಮಗೆ!

"ವಾಸಿಯಾಯಿತೇ ನೋಡೋಣ" ಎಂದು ಮಾರನೆಯ ವಾರವೇ ಲ್ಯಾಬಿಗೆ ಓಡುತ್ತೀರಾ? ಓಡಬೇಡಿ! ರೋಗಾಣು ಸತ್ತಿದ್ದರೂ ಅದರ ಡಿಎನ್‌ಎ ತುಣುಕುಗಳು ಇನ್ನೂ ಅಲ್ಲೇ ಬಿದ್ದಿರುತ್ತವೆ. ಪಿಸಿಆರ್‌ಗೆ ಸತ್ತದ್ದೂ ಒಂದೇ, ಬದುಕಿದ್ದೂ ಒಂದೇ! ನಾಲ್ಕು ವಾರದೊಳಗೆ ಮಾಡಿಸಿದರೆ ಸುಳ್ಳು ಪಾಸಿಟಿವ್ ಬರಬಹುದು. ಬಸುರಿಯರಿಗೆ ಸುಮಾರು ನಾಲ್ಕು ವಾರದ ಮೇಲೆ ಮತ್ತೊಮ್ಮೆ ಪರೀಕ್ಷೆ. ಎಲ್ಲರಿಗೂ ಸುಮಾರು ಮೂರು ತಿಂಗಳಿಗೆ ಇನ್ನೊಂದು. ಒಮ್ಮೆ ಬಂದು ಹೋದರೆ ಮತ್ತೆ ಬಾರದು ಎನ್ನುವ ಭರವಸೆ ಇದಕ್ಕಿಲ್ಲ!

"ನೋವೇ ಇಲ್ಲವಲ್ಲ, ಇದ್ದರೆ ಇರಲಿ ಬಿಡಿ" ಅನ್ನುವವರಿಗೆ ಒಂದು ಮಾತು. ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಹೋದವರಿಗೆ "ಟ್ಯೂಬ್ ಬ್ಲಾಕ್ ಆಗಿದೆ" ಎಂದು ಡಾಕ್ಟರು ಹೇಳುವುದನ್ನು ಕೇಳಿದ್ದೀರಲ್ಲ? ಟ್ಯೂಬ್ ಕಟ್ಟಿಕೊಳ್ಳಲು ಕ್ಲಮೈಡಿಯಾ ಒಂದು ಮುಖ್ಯ ಕಾರಣ! ಚಿಕಿತ್ಸೆಯಾಗದ ಹೆಂಗಸರಲ್ಲಿ ನೂರಕ್ಕೆ 10ರಿಂದ 15 ಮಂದಿಗೆ ಸೋಂಕು ಮೇಲೇರಿ ಗರ್ಭಕೋಶ, ಅಂಡನಾಳಗಳ ಉರಿಯೂತವಾಗಬಹುದು. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಆ ಕಲೆಯಲ್ಲಿ ಸಿಕ್ಕಿಕೊಂಡು ಭ್ರೂಣ ಟ್ಯೂಬಿನಲ್ಲೇ ಬೆಳೆದರೆ ತಾಯಿಯ ಪ್ರಾಣಕ್ಕೇ ಸಂಚಕಾರ!

ಹೆರಿಗೆಯಲ್ಲಿ ಮಗುವಿಗೂ ದಾಟಬಹುದು. ಹುಟ್ಟಿದ 5ರಿಂದ 12 ದಿನಗಳಲ್ಲಿ ಕಣ್ಣು ಕೀವಾಗುತ್ತದೆ. ಆಮೇಲೆ ನ್ಯುಮೋನಿಯಾ ಆಗುವುದೂ ಉಂಟು. ಇದೆಲ್ಲವನ್ನೂ ತಪ್ಪಿಸುವ ಔಷಧಿಯ ವೆಚ್ಚ ಹೋಟೆಲಿನ ಒಂದು ಊಟಕ್ಕಿಂತ ಹೆಚ್ಚೇನೂ ಇಲ್ಲ!

ಎಲ್ಲಿಗೆ ಹೋಗಬೇಕು? ಸರ್ಕಾರಿ ದೊಡ್ಡಾಸ್ಪತ್ರೆಗಳಲ್ಲಿ ಚರ್ಮ ಮತ್ತು ಗುಹ್ಯರೋಗ ವಿಭಾಗ ಇರುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ ನಡೆಸುವ ಸುರಕ್ಷಾ ಕ್ಲಿನಿಕ್‌ಗಳಿವೆ. ಆಪ್ತಸಮಾಲೋಚಕರು ಇರುತ್ತಾರೆ, ಹೆಸರು ಗುಟ್ಟಾಗಿರುತ್ತದೆ, ಔಷಧಿ ಉಚಿತ. ಅಲ್ಲಿನ ಔಷಧಿ ಪೊಟ್ಟಣಗಳಿಗೆ ಬಣ್ಣದ ಗುರುತು! ಮೂತ್ರನಾಳದಿಂದ ಒಸರು ಬರುವವರಿಗೆ ವರ್ಷಗಳಿಂದ ಕೊಡುತ್ತ ಬಂದದ್ದು ಬೂದು ಬಣ್ಣದ ಕಿಟ್. ಒಳಗೆ ಅಜಿತ್ರೊಮೈಸಿನ್ ಒಂದು ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ಕ್ಲಮೈಡಿಯಾಕ್ಕೂ ಪೆಟ್ಟು, ಗೊನೋರಿಯಾಕ್ಕೂ ಪೆಟ್ಟು, ಲ್ಯಾಬಿಗೆ ಕಾಯದೆ!

ಆಹಾ, ಎಂಥ ಉಪಾಯ! ಆದರೆ ತಡೆಯಿರಿ. ಇದರಲ್ಲೊಂದು ತೂತು ಇದೆ. ಕಂಡಿರಾ?

ಕಿಟ್ ಸಿಗುವುದು ಲಕ್ಷಣ ಇದ್ದವರಿಗೆ! ಏನೂ ಕಾಣದ ಆ 70 ಪ್ರತಿಶತ ಹೆಂಗಸರು ಯಾವ ಲಕ್ಷಣ ಹೇಳಿಕೊಂಡು ಹೋಗಬೇಕು? ಅವರ ಪಾಲಿಗೆ ಉಳಿದದ್ದು ಒಂದೇ ದಾರಿ. ತಾವಾಗಿಯೇ ಪರೀಕ್ಷೆ ಕೇಳುವುದು!

ಯಾರು ಕೇಳಬೇಕು? ಲೈಂಗಿಕ ಸಂಪರ್ಕವಿರುವ 25ರೊಳಗಿನ ಹೆಂಗಸರು ವರ್ಷಕ್ಕೊಮ್ಮೆ ಮಾಡಿಸಲಿ ಎನ್ನುತ್ತದೆ ಸಿಡಿಸಿ. ಹೊಸ ಸಂಗಾತಿ ಬಂದವರು, ಸಂಗಾತಿಗೆ ಸೋಂಕಿದೆ ಎಂದು ತಿಳಿದವರು, ಕಾಂಡೋಮ್ ಇಲ್ಲದೆ ಕೂಡಿದವರು, ಗಂಡಸರೊಡನೆ ಸಂಬಂಧವಿರುವ ಗಂಡಸರು, ಎಲ್ಲರೂ ಕೇಳಬಹುದು. ಘಟನೆಯಾಗಿ ಎರಡು ವಾರ ಕಳೆದಿದ್ದರೆ ಫಲಿತಾಂಶ ನಂಬಬಹುದು. ಅದೇ ಸ್ಯಾಂಪಲ್ಲಿನಲ್ಲಿ ಗೊನೋರಿಯಾವನ್ನೂ ನೋಡಿಬಿಡುತ್ತಾರೆ. ಎಚ್‌ಐವಿ, ಸಿಫಿಲಿಸ್‌ಗೆ ಮಾತ್ರ ರಕ್ತ ಬೇಕು, ಅದನ್ನೂ ಒಟ್ಟಿಗೆ ಮಾಡಿಸಿ.

ಮುಖ ಕೊಟ್ಟು ಮಾತಾಡಲು ಸಂಕೋಚವೇ? 1097ಕ್ಕೆ ಫೋನ್ ಮಾಡಿ. ನ್ಯಾಕೊದ ಉಚಿತ ಸಹಾಯವಾಣಿ. ಹತ್ತಿರದ ಕ್ಲಿನಿಕ್ ಎಲ್ಲಿದೆ ಎಂದು ಕೇಳಿಕೊಳ್ಳಿ.

ಡಾಕ್ಟರ ಮುಂದೆ ಕೂತಾಗ ಮಾತು ತಡವರಿಸುತ್ತದೆಯೇ? ಒಂದೇ ವಾಕ್ಯ ಸಾಕು, ಈಗಲೇ ಬಾಯಿಪಾಠ ಮಾಡಿಕೊಳ್ಳಿ: "ಡಾಕ್ಟ್ರೇ, ನನಗೊಂದು ಕ್ಲಮೈಡಿಯಾ ಪಿಸಿಆರ್ ಟೆಸ್ಟ್ ಬರೆದುಕೊಡ್ತೀರಾ?"